ಬಹುಮತವೂ ಪ್ರಜಾಪ್ರಭುತ್ವವೂ

ಬಹುಮತವೊಂದೇ ಪ್ರಜಾಪ್ರಭುತ್ವವೆಂದು ಭಾವಿಸುವವರು ಚಿಕ್ಕಮಗಳೂರನ್ನು ನೆನೆಯಬೇಕು. ತುರ್ತುಪರಿಸ್ಥಿತಿಯಲ್ಲಿ ಪತ್ರಿಕೆಗಳ ಬಾಯಿಕಟ್ಟಿ ವಿರೋಧಿಗಳನ್ನು ಸೆರೆಗೆ ತಳ್ಳಿದ್ದ ಇಂದಿರಾಗಾಂಧಿಯವರು 1977ರಲ್ಲಿ ರಾಯ್‌ಬರೇಲಿಯಲ್ಲಿ ಸೋತರು. 1978ರ ನವೆಂಬರಿನ ಉಪಚುನಾವಣೆಯಲ್ಲಿ, ಅಡ್ಡಗದ್ದೆಯಂತಹ ಮಲೆನಾಡಿನ ಹಳ್ಳಿಗಳನ್ನೊಳಗೊಂಡ ಈ ಕ್ಷೇತ್ರವು ವೀರೇಂದ್ರ ಪಾಟೀಲರನ್ನು ಬಿಟ್ಟು ಅವರನ್ನೇ ಆರಿಸಿತು. ಒಂದೂವರೆ ತಿಂಗಳೂ ತುಂಬಿರಲಿಲ್ಲ. ಡಿಸೆಂಬರ್ 19ರಂದು ಹಕ್ಕುಚ್ಯುತಿಗಾಗಿ ಲೋಕಸಭೆಯು ಅವರನ್ನು ಉಚ್ಚಾಟಿಸಿ ಸೆರೆಮನೆಗೆ ಕಳುಹಿಸಿತು. ಆರೋಪ ಹುರುಳಿಲ್ಲದ್ದೇನಲ್ಲ. ಆದರೆ ಬರಿದಾದುದು ಮಲೆನಾಡಿನ ಮತದಾರನ ಪೀಠ! ಅವನನ್ನು ಯಾರು ಕೇಳಿದರು? ಅದೇ ಸಂಸತ್ತು 44ನೆಯ ತಿದ್ದುಪಡಿಯ ಮೂಲಕ, ತುರ್ತುಪರಿಸ್ಥಿತಿಯಲ್ಲಿಯೂ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕನ್ನು ಅಮಾನತಿನಲ್ಲಿಡಲಾಗದಂತೆ ಭದ್ರಪಡಿಸಿತು. ಬಹುಮತವು ತನ್ನ ಕೈಯನ್ನು ತಾನೇ ಕಟ್ಟಿಕೊಂಡ ಈ ಕಾರ್ಯವೇ ಹೆಚ್ಚು ಪ್ರಜಾಸತ್ತಾತ್ಮಕವಾದುದು. ಉಚ್ಚಾಟನೆಯ ನಿರ್ಣಯವನ್ನು ಲೋಕಸಭೆಯು 1981ರಲ್ಲಿ ರದ್ದುಪಡಿಸಿತು. ಬಹುಮತ ಆಗ ಇಂದಿರಾ ಅವರ ಕಡೆಗಿತ್ತು.