ಮಕ್ಕಳು ಆರಿಸಿದ ಉದ್ಯೋಗವೂ ಪಾಲಕರ ಕರ್ತವ್ಯವೂ

ನಮ್ಮ ಶಾಲೆಯ ಈ ಸ್ಮರಣ ಸಂಚಿಕೆಗೆ ನಾಲ್ಕು ಮಾತುಗಳನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲದವರು ನನ್ನನ್ನು ಕೇಳಿದರು. ಶಾಲೆಯ ಏಳಿಗೆಯ ವೃತ್ತಾಂತವನ್ನು ಬೇರೆಯವರು ಬರೆಯುವದರಿಂದ, ನಾನು ಪಾಲಕರೊಡನೆಯೇ ಮಾತನಾಡುವದು ಲೇಸೆಂದು ಬಗೆದಿದ್ದೇನೆ. ಪ್ರತಿ ವರ್ಷ ಹತ್ತನೆಯ ತರಗತಿಯ ಫಲಿತಾಂಶವು ಬಂದ ಎಂಟು ದಿನಗಳಲ್ಲಿ ಎಷ್ಟೋ ತಂದೆತಾಯಂದಿರು ನನ್ನ ಕೋಣೆಯ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಮಗಳು ಪಾಸಾದ ಸಂತೋಷವು ಅವರ ಮುಖದಲ್ಲಿರುವದು ನಿಜ. ಆದರೆ ಅದರ ಹಿಂದೆಯೇ ಒಂದು ಚಿಂತೆಯೂ ಇರುತ್ತದೆ. “ಅಕ್ಕಾರ, ಹುಡುಗಿ ಏನೇನೋ ಹೆಸರು ಹೇಳತಾಳ್ರಿ, ನಮಗ ಒಂದೂ ತಿಳಿಯಂಗಿಲ್ಲ. ಮುಂದೇನ ಮಾಡೂದ್ರಿ?” ಎಂಬುದೇ ಅವರೆಲ್ಲರ ಪ್ರಶ್ನೆ.

ಈ ಪಾಲಕರಲ್ಲಿ ಕೆಲವರು ವಿಜಯಪುರ ನಗರದ ಅಂಗಡಿಕಾರರು, ನೌಕರರು. ಕೆಲವರು ತಿಕೋಟಾ, ಬಬಲೇಶ್ವರ ಕಡೆಯ ಒಕ್ಕಲುತನದ ಮನೆಯವರು. ದ್ರಾಕ್ಷಿಯ ಪಡಗಳನ್ನೂ ಬಿಳಿಜೋಳದ ಹೊಲಗಳನ್ನೂ ನಂಬಿ ಬದುಕಿದವರು. ಡಾಕ್ಟರು, ಇಂಜಿನಿಯರು, ಶಿಕ್ಷಕಿ, ಬ್ಯಾಂಕಿನ ನೌಕರಿ, ಇಷ್ಟೇ ಅವರಿಗೆ ಪರಿಚಿತವಾದ ಉದ್ಯೋಗಗಳು. ಮಗಳಾದರೋ ಫಿಸಿಯೋಥೆರಪಿ ಎನ್ನುತ್ತಾಳೆ, ಡೇಟಾ ಸೈನ್ಸ್ ಎನ್ನುತ್ತಾಳೆ, ವಿಮಾನ ನಡೆಸುತ್ತೇನೆ ಎನ್ನುತ್ತಾಳೆ. ತಂದೆಗೆ ಸಿಟ್ಟು ಬರುತ್ತದೆ. ತಾಯಿ ಸೆರಗಿನ ತುದಿಯನ್ನು ಹಿಂಡುತ್ತ ಕೂಡ್ರುತ್ತಾಳೆ. ಈ ಸಿಟ್ಟಿನ ಬುಡದಲ್ಲಿರುವದು ದ್ವೇಷವಲ್ಲ, ಭಯ. ಭಯದ ಬುಡದಲ್ಲಿರುವದು ಪ್ರೀತಿ. ಇದನ್ನು ನಾನು ಮಕ್ಕಳಿಗೂ ಹೇಳುತ್ತ ಬಂದಿದ್ದೇನೆ. ಆದರೆ ಪ್ರೀತಿಯಿಂದ ಹುಟ್ಟಿದ ಭಯವೂ ಕಾಣದ ವಸ್ತುವಿನ ಮೇಲೆ ತೀರ್ಪು ಕೊಡಲು ಹೋದರೆ ಅನ್ಯಾಯವಾಗುತ್ತದೆ.

ಇಂದು ನಾವು ಗೌರವದಿಂದ ಕಾಣುವ ಉದ್ಯೋಗಗಳೆಲ್ಲ ಒಂದು ಕಾಲಕ್ಕೆ ಹೊಸವೇ ಆಗಿದ್ದವು, ಅಂಜಿಕೆಯವೇ ಆಗಿದ್ದವು ಎಂಬುದನ್ನು ಪಾಲಕರು ನೆನೆಯಬೇಕು. 1848ರಲ್ಲಿ ಸಾವಿತ್ರಿಬಾಯಿ ಫುಲೆಯವರು ಪುಣೆಯಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳಹೊರಟಾಗ ಜನರು ಅವರನ್ನು ಹಳಿದರು. ಇಂದು “ಮಗಳು ಟೀಚರ ಆಗಲಿ” ಎಂಬುದು ಪ್ರತಿಯೊಬ್ಬ ತಂದೆಯ ಬಾಯಲ್ಲಿರುವ ಮಾತು. ರೋಗಿಗಳ ಶುಶ್ರೂಷೆಯನ್ನು ಕುಲೀನ ಮನೆತನದವರು ಹೀನವೆಂದು ತಿಳಿಯುತ್ತಿದ್ದರು. ವೆಲ್ಲೂರಿನಲ್ಲಿ ಡಾಕ್ಟರ ಇಡಾ ಸ್ಕಡರ ಅವರು 1918ರಲ್ಲಿ ಸ್ತ್ರೀಯರಿಗಾಗಿ ವೈದ್ಯಕೀಯ ಶಾಲೆಯನ್ನು ತೆರೆದರು. 1946ರಲ್ಲಿ ಅಲ್ಲಿಯೇ ನರ್ಸಿಂಗ್ ಪದವಿಯ ಶಿಕ್ಷಣವು ಆರಂಭವಾಯಿತು. ಈಗ ನಮ್ಮ ಜಿಲ್ಲೆಯ ಹಳ್ಳಿಗಳಿಂದಲೂ ಹುಡುಗಿಯರು ನರ್ಸುಗಳಾಗಿ ಪರಸ್ಥಳಗಳಿಗೆ ಹೋಗುತ್ತಾರೆ. ಅವರು ಕಳಿಸಿದ ಹಣದಿಂದ ಕಟ್ಟಿದ ಮನೆಗಳನ್ನು ನಾವೇ ಕಂಡಿದ್ದೇವೆ.

ವಿಜ್ಞಾನದ ಮಾತೂ ಹೀಗೆಯೇ. 1933ರಲ್ಲಿ ಕಮಲಾ ಭಾಗವತ ಎಂಬ ತರುಣಿಗೆ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಹೆಣ್ಣೆಂಬ ಕಾರಣಕ್ಕಾಗಿ ಮೊದಲು ಪ್ರವೇಶವು ದೊರೆಯಲಿಲ್ಲ. ಆಕೆಯು ಹಟಬಿಡದೆ ಪ್ರವೇಶ ಪಡೆದು, 1939ರಲ್ಲಿ ಕೇಂಬ್ರಿಜದಿಂದ ಡಾಕ್ಟರೇಟ ಪದವಿಯನ್ನು ಸಂಪಾದಿಸಿದಳು. ಕಮಲಾ ಸೊಹೋನಿಯೆಂದು ಲೋಕವು ತಿಳಿದದ್ದು ಆಕೆಯನ್ನೇ. ನಂಜನಗೂಡಿನಲ್ಲಿ 1922ರಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿಯವರು ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರರೆಂದು ಹೆಸರಾದರು. ಅಮೇರಿಕೆಯಲ್ಲಿ ಕಲಿತು ಬಂದು ಅದೇ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. ಅವರ ಅಜ್ಜಿಯವರು ಆಗಿನ ಕಾಲಕ್ಕೇ ಪದವೀಧರೆಯಾಗಿದ್ದರು. ಮನೆಯ ಹಿರಿಯರು ಒಂದು ಬಾಗಿಲನ್ನು ತೆರೆದಿಟ್ಟರೆ ಮೊಮ್ಮಗಳು ಹತ್ತು ಬಾಗಿಲುಗಳನ್ನು ದಾಟಬಲ್ಲಳು.

ದೂರದ ಮಾತು ಸಾಕು. ನಮ್ಮ ಊರಿನ ದೃಷ್ಟಾಂತವನ್ನೇ ನೋಡೋಣ. ವಿಜಯಪುರದ ರಾಜೇಶ್ವರಿ ಗಾಯಕವಾಡ ಎಂಬ ಹೆಣ್ಣುಮಗಳು ಚೆಂಡು ಹಿಡಿದಾಗ ಅದನ್ನು ಉದ್ಯೋಗವೆಂದು ತಿಳಿದವರು ಎಷ್ಟು ಜನ? ಶಾಲಾ ಶಿಕ್ಷಕರಾಗಿದ್ದ ಆಕೆಯ ತಂದೆಯವರು ಮಾತ್ರ ಮಗಳ ಬೆನ್ನಿಗೆ ನಿಂತರು. 2014ರಲ್ಲಿ ಆಕೆಯು ಭಾರತದ ತಂಡವನ್ನು ಸೇರಿದಳು. ಅದೇ ವರ್ಷ ತಂದೆಯವರು ತೀರಿಕೊಂಡರು. 2017ರ ವಿಶ್ವಕಪ್ಪಿನಲ್ಲಿ, ಜುಲೈ 15ರಂದು, ಇಂಗ್ಲಂಡದ ಡರ್ಬಿಯಲ್ಲಿ ಆಕೆಯು ಕೇವಲ 15 ಓಟಗಳನ್ನು ಕೊಟ್ಟು ನ್ಯೂಝಿಲಂಡದ ಐವರನ್ನು ಔಟು ಮಾಡಿದಾಗ ನಮ್ಮ ಊರಿನ ಹೆಸರು ಜಗತ್ತಿನ ಪತ್ರಿಕೆಗಳಲ್ಲಿ ಬಂದಿತು. ಮರಳಿ ಬಂದ ಮೇಲೆ ಆಕೆಗೆ ಕಾರೊಂದನ್ನು ಬಹುಮಾನವಾಗಿ ಕೊಡಲು ಮಂತ್ರಿಗಳು ಮುಂದಾದರು. ಕಾರಿಗಿಂತ ತನ್ನ ಕುಟುಂಬಕ್ಕೆ ಒಂದು ಮನೆಯು ಹೆಚ್ಚು ಅವಶ್ಯವೆಂದು ಆಕೆಯು ತಿಳಿಸಿದ್ದನ್ನು ಆಗಿನ ವೃತ್ತಪತ್ರಗಳಲ್ಲಿ ಎಲ್ಲರೂ ಓದಿದ್ದೇವೆ. ತಂದೆಯಿಲ್ಲದ ಮನೆಯ ಭಾರವನ್ನು ಹೊತ್ತದ್ದು ಜನರು ಆಟವೆಂದು ಕರೆದ ಉದ್ಯೋಗವೇ.

ಇನ್ನೊಂದು ಸಂಗತಿಯು ನನ್ನ ಕಣ್ಣಮುಂದೆ ನಡೆದದ್ದು. ಬಬಲೇಶ್ವರದ ಕಡೆಯ ಒಬ್ಬ ರೈತರ ಮಗಳು ತೋಟಗಾರಿಕೆಯ ಪದವಿಯನ್ನು ಕಲಿಯಬೇಕೆಂದಳು. ಹಣ್ಣುಗಳ ಸಂಸ್ಕರಣೆಯಲ್ಲಿ ಆಕೆಗೆ ಮನಸ್ಸು. ತಂದೆಯವರು ನನ್ನ ಮುಂದೆ ಕುಳಿತು ನಕ್ಕರು. “ಮಣೂಕ ಒಣಗಸಾಕ ಕಾಲೇಜ ಯಾಕ ಬೇಕ್ರಿ ಅಕ್ಕಾರ? ನಾವೇನ ಕಾಲೇಜ ಕಲತ ಒಣಗಸ್ತೀವೇನ್ರಿ?” ಎಂದರು. ಮಾತು ಸುಳ್ಳಲ್ಲ. ದ್ರಾಕ್ಷಿಯ ಗೊನೆಗಳನ್ನು ಔಷಧದ ನೀರಿನಲ್ಲಿ ಅದ್ದಿ, ಶೆಡ್ಡಿನ ಜಾಳಿಗೆಗಳ ಮೇಲೆ ನೆರಳಲ್ಲಿ ಹದಿನೈದು ದಿನ ಒಣಗಿಸುವ ಕೆಲಸವನ್ನು ಅವರಿಗೆ ಕಲಿಸುವವರು ಯಾರೂ ಇಲ್ಲ. ಆಗ ನಾನು, “ನಿಮ್ಮ ಮಾಲಿನ ರೇಟು ಯಾರು ಹೇಳ್ತಾರ್ರಿ?” ಎಂದು ಕೇಳಿದೆನು. “ತಾಸಗಾಂವದಾಗ ವ್ಯಾಪಾರಿ ಹೇಳ್ತಾನ್ರಿ” ಎಂದರು. “ಕಡಿಮಿ ಯಾಕ ಹೇಳಿದಾ ಅನ್ನೂದು ನಿಮಗ ಗೊತ್ತಾಗ್ತದೇನ್ರಿ?” ಎಂದು ಕೇಳಿದೆನು. ಅವರು ಉತ್ತರ ಕೊಡಲಿಲ್ಲ. ಪಕ್ಕದಲ್ಲಿ ನಿಂತಿದ್ದ ಮಗಳು ಮೆಲ್ಲಗೆ ಹೇಳಿದಳು: “ಬಣ್ಣ ನೋಡ್ತಾರ, ಹಸಿ ಎಷ್ಟ ಉಳದದ ನೋಡ್ತಾರ, ಹೊರದೇಶಕ್ಕ ಹೋಗೂದಿದ್ರ ಔಷಧದ ಅಂಶ ಎಷ್ಟ ಉಳದದ ಅಂತ ಪರೀಕ್ಷಾ ಮಾಡ್ತಾರ ಅಪ್ಪಾ. ಅದನ್ನ ಕಲೀತೀನಿ ಅಂತ ಹೇಳಾಕತ್ತೇನಿ.”

ಆ ದಿನವೇ ತಂದೆಯವರು ಒಪ್ಪಲಿಲ್ಲ. ಒಪ್ಪಿರೆಂದು ನಾನೂ ಒತ್ತಾಯಿಸಲಿಲ್ಲ. ಮಗಳನ್ನು ಕರೆದುಕೊಂಡು ಬಾಗಲಕೋಟೆಗೆ ಹೋಗಿ, 2008ರಲ್ಲಿ ಸ್ಥಾಪಿತವಾದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವನ್ನು ಕಣ್ಣಾರೆ ನೋಡಿಬರಬೇಕೆಂದಷ್ಟೇ ಹೇಳಿದೆನು. ಅವರು ಹೋದರು, ವಸತಿಗೃಹವನ್ನು ನೋಡಿದರು, ಅಲ್ಲಿಯ ಅಧ್ಯಾಪಕರೊಡನೆ ದ್ರಾಕ್ಷಿಯ ರೋಗದ ವಿಷಯವಾಗಿ ಬಹಳ ಹೊತ್ತು ವಾದಿಸಿದರಂತೆ. ರೈತರ ಮಕ್ಕಳಿಗಾಗಿ ಇಂಥ ಪದವಿಗಳಲ್ಲಿ ಪ್ರತ್ಯೇಕವಾಗಿ ಸ್ಥಾನಗಳನ್ನು ಕಾಯ್ದಿರಿಸಿರುವದು ಅವರಿಗೆ ಅಲ್ಲಿಯೇ ತಿಳಿದದ್ದು. ಹುಡುಗಿಯು ಪಿ.ಯು.ದಲ್ಲಿ ವಿಜ್ಞಾನವನ್ನು ಓದಿ, ಈಗ ಪದವಿಯ ಮೂರನೆಯ ವರ್ಷದಲ್ಲಿದ್ದಾಳೆ. ಮುಂದೆ ಎಂಥ ನೌಕರಿ ದೊರೆಯುವದೋ ಯಾರೂ ಹೇಳಲಾರರು. ಆದರೆ ಸುಗ್ಗಿಯ ಕಾಲಕ್ಕೆ ತಂದೆಯವರು ಅದ್ದುವ ನೀರಿನ ಪ್ರಮಾಣವನ್ನು ಫೋನಿನಲ್ಲಿ ಮಗಳಿಗೇ ಕೇಳುತ್ತಾರೆಂದು ಆಕೆಯ ತಾಯಿ ನನ್ನೆದುರಿಗೆ ಹೇಳಿ ನಕ್ಕಳು.

ಮಕ್ಕಳು ಹೇಳಿದ್ದಕ್ಕೆಲ್ಲ ತಲೆದೂಗಬೇಕೆಂದು ನನ್ನ ಅಭಿಪ್ರಾಯವಲ್ಲ. ಗೆಳತಿ ಹೋದಳೆಂದು ತಾನೂ ಹೋಗುವವಳು, ಮೊಬೈಲಿನಲ್ಲಿ ಎರಡು ನಿಮಿಷ ನೋಡಿ ಬಾಳಿನ ದಾರಿಯನ್ನು ನಿಶ್ಚಯಿಸುವವಳು ಪ್ರತಿ ತರಗತಿಯಲ್ಲಿಯೂ ಇರುತ್ತಾಳೆ. ಆದುದರಿಂದ ಕೇಳುವ ಅಧಿಕಾರವು ಪಾಲಕರಿಗೆ ಪೂರ್ಣವಾಗಿ ಉಂಟು. ಮೊದಲನೆಯದಾಗಿ, ಆ ಉದ್ಯೋಗದಲ್ಲಿ ಬೆಳಗಿನಿಂದ ಸಂಜೆಯವರೆಗೆ ಮಾಡತಕ್ಕ ಕೆಲಸವೇನೆಂದು ಮಗಳಿಗೆ ಕೇಳಿರಿ. ಹೇಳಲು ಬಾರದಿದ್ದರೆ ತಿಳಿದುಕೊಂಡು ಬಾ ಎನ್ನಿರಿ. ಎರಡನೆಯದಾಗಿ, ಯಾವ ವಿಷಯಗಳು ಬೇಕು, ಯಾವ ಪರೀಕ್ಷೆಯನ್ನು ಕೊಡಬೇಕು, ಎಷ್ಟು ವರ್ಷ ಎಂಬುದನ್ನು ಕೇಳಿರಿ. ಪಿ.ಯು.ದಲ್ಲಿ ಕಲಾಶಾಖೆಯನ್ನು ಹಿಡಿದ ಮೇಲೆ ನರ್ಸಿಂಗ್ ಪದವಿ ಬೇಕೆಂದು ಅಳುವದರಿಂದ ಪ್ರಯೋಜನವಿಲ್ಲ. ಮೂರನೆಯದಾಗಿ, ಖರ್ಚನ್ನು ಕಾಗದದ ಮೇಲೆ ಬರೆದು ಅವಳೊಡನೆಯೇ ಲೆಕ್ಕ ಹಾಕಿರಿ. ವಿದ್ಯಾರ್ಥಿವೇತನ, ಬ್ಯಾಂಕಿನ ಸಾಲಗಳನ್ನು ವಿಚಾರಿಸಿರಿ. ಮನೆಯ ಸ್ಥಿತಿಯನ್ನು ಮುಚ್ಚಿಟ್ಟು ಬರೇ “ಬೇಡ” ಎನ್ನುವದಕ್ಕಿಂತ ಇದು ಲೇಸು. ನಾಲ್ಕನೆಯದಾಗಿ, ಅದು ಕೈಗೂಡದಿದ್ದರೆ ಎರಡನೆಯ ದಾರಿ ಯಾವದೆಂದು ಕೇಳಿರಿ. ಕಡೆಗೆ, ಆ ಸ್ಥಳವನ್ನು ಸ್ವತಃ ಹೋಗಿ ನೋಡಿರಿ.

ನೋಡುವದಕ್ಕೆ ಬಹು ದೂರ ಹೋಗಬೇಕಾದುದಿಲ್ಲ. ತಿಕೋಟಾದಿಂದ ನಗರಕ್ಕೆ ಬರುವ ಬಸ್ಸಿನ ದಾರಿಯಲ್ಲಿಯೇ, ತೊರವಿಯ ಬಳಿ, 2003ರಲ್ಲಿ ಹುಟ್ಟಿದ ಮಹಿಳಾ ವಿಶ್ವವಿದ್ಯಾಲಯವಿದೆ. ಈಗ ಅದಕ್ಕೆ ಅಕ್ಕಮಹಾದೇವಿಯ ಹೆಸರು. ನಗರದಲ್ಲಿ ವೈದ್ಯಕೀಯ, ಇಂಜಿನಿಯರಿಂಗ್ ಕಾಲೇಜುಗಳಿವೆ. ಹಿಟ್ಟಿನಹಳ್ಳಿಯಲ್ಲಿ ಕೃಷಿ ಮಹಾವಿದ್ಯಾಲಯವಿದೆ. 1963ರಿಂದ ನಮ್ಮ ಊರಿನಲ್ಲಿರುವ ಸೈನಿಕ ಶಾಲೆಯು ಗಂಡುಮಕ್ಕಳಿಗೆ ಮಾತ್ರವೆಂದು ಎಷ್ಟೋ ಪಾಲಕರು ಇನ್ನೂ ತಿಳಿದಿದ್ದಾರೆ; 2021ರಿಂದ ಸೈನಿಕ ಶಾಲೆಗಳ ಬಾಗಿಲು ಹೆಣ್ಣುಮಕ್ಕಳಿಗೂ ತೆರೆದಿದೆ. 2025ರ ಮೇ ತಿಂಗಳಿನಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಿಂದ 17 ಮಂದಿ ತರುಣಿಯರ ಮೊದಲ ತಂಡವು ತೇರ್ಗಡೆಯಾಗಿ ಹೊರಬಿದ್ದಿತು.

ಕೊನೆಯದಾಗಿ, ಎಲ್ಲರ ಮನಸ್ಸಿನಲ್ಲಿದ್ದು ಯಾರೂ ಬಾಯಿಬಿಟ್ಟು ಹೇಳದ ಒಂದು ಮಾತನ್ನು ಹೇಳಲೇಬೇಕು. ಅನೇಕ ಮನೆಗಳಲ್ಲಿ ಪ್ರಶ್ನೆಯು ಈ ಉದ್ಯೋಗವೋ ಆ ಉದ್ಯೋಗವೋ ಎಂಬುದಲ್ಲ. ಉದ್ಯೋಗವೋ ಮದುವೆಯೋ ಎಂಬುದು. ಮೊದಲು “ಬಸ್ಸಿಗೆ ರೊಕ್ಕ ಇಲ್ರಿ” ಎಂದು ಶಾಲೆ ಬಿಡಿಸುತ್ತಿದ್ದರು. 2023ರ ಜೂನ್ 11ರಿಂದ ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೀಟಿನ ಹಣವಿಲ್ಲ. ಆ ಕಾರಣವು ಹೋಯಿತು; “ಜನ ಏನಂದಾರು” ಎಂಬುದೊಂದು ಉಳಿಯಿತು. ಹದಿನೆಂಟು ತುಂಬುವ ಮೊದಲು ಮದುವೆ ಮಾಡುವದು ಅಪರಾಧವೆಂದು ಕಾಯಿದೆಯು ಹೇಳುತ್ತದೆ. ಆದರೆ ಹದಿನೆಂಟು ತುಂಬಿದ ಮರುದಿನವೇ ಮದುವೆ ಮಾಡಬೇಕೆಂದು ಯಾವ ಕಾಯಿದೆಯೂ ಹೇಳಿಲ್ಲ. ಮಳೆ ಕೈಕೊಟ್ಟ ವರ್ಷ, ಗಂಡನು ಹಾಸಿಗೆ ಹಿಡಿದ ವರ್ಷ, ಆ ಜನರು ಬಂದು ಮನೆ ನಡೆಸುವದಿಲ್ಲ. ಮಗಳ ಕೈಯಲ್ಲಿರುವ ವಿದ್ಯೆಯು ನಡೆಸುತ್ತದೆ. ಕೊಟ್ಟ ಬಂಗಾರವನ್ನು ಒತ್ತೆ ಇಡಬಹುದು, ಮಾರಬಹುದು. ಕಲಿಸಿದ ಕಸಬನ್ನು ಯಾರೂ ಒತ್ತೆ ಹಿಡಿಯಲಾರರು.

ಪಾಲಕರೇ, ಫಲಿತಾಂಶದ ದಿನ ಮಾತ್ರ ಶಾಲೆಗೆ ಬರಬೇಡಿರಿ. ಮಗಳು ಒಂಬತ್ತನೆಯ ತರಗತಿಯಲ್ಲಿರುವಾಗಲೇ ಒಮ್ಮೆ ಬನ್ನಿರಿ, ಅವಳನ್ನೂ ಕರೆದುಕೊಂಡು ಬನ್ನಿರಿ. ನಿಮಗೆ ತಿಳಿಯದ ಹೆಸರುಗಳನ್ನು ನಾಚಿಕೆಯಿಲ್ಲದೆ ಕೇಳಿರಿ. ನಮಗೆ ತಿಳಿದದ್ದನ್ನು ಹೇಳುತ್ತೇವೆ, ತಿಳಿಯದ್ದನ್ನು ತಿಳಿದವರಲ್ಲಿ ವಿಚಾರಿಸಿ ಹೇಳುತ್ತೇವೆ. ಒಪ್ಪುವದೂ ಬಿಡುವದೂ ಆ ಮೇಲಿನ ಮಾತು. ಮೊದಲು ಮಗಳು ಹೇಳುವದನ್ನು ಕೊನೆಯವರೆಗೆ ಕೇಳುವದು ಆಗಲಿ.