ತಿಥಿ ತಪ್ಪಿದ ಅತಿಥಿಗಳು

ಬರುವುದಕ್ಕೆ ತಿಥಿಯ ನಿಯಮವಿಲ್ಲದವನೇ ಅತಿಥಿಯೆಂದು ಶಾಬ್ದಿಕರು ಆ ಪದಕ್ಕೆ ನಿರ್ವಚನವನ್ನು ಹೇಳುವುದುಂಟು. ಹಾಗಾದರೆ ವರ್ಷವರ್ಷವೂ ಗೊತ್ತಾದ ವಾರದಲ್ಲಿ ಹಡಗಿನಿಂದಿಳಿದು, ಗೊತ್ತಾದ ಮನೆಯ ಕದವನ್ನು ತಟ್ಟಿ, ವಾರ ಕಳೆದ ಮೇಲೆ ಹಣವನ್ನು ಎಣಿಸಿ ಕೊಟ್ಟು ಹೋಗುವವನನ್ನು ಏನೆಂದು ಕರೆಯಬೇಕು? ಇಂಗ್ಲೆಂಡು ಐರ್ಲೆಂಡುಗಳ ನಡುವಣ ಕಡಲಿನಲ್ಲಿರುವ ಮ್ಯಾನ್ ದ್ವೀಪದವರು ಅವನನ್ನು ‘ವಿಸಿಟರ್’, ಎಂದರೆ ನೋಡಲು ಬಂದವನು, ಎಂದು ಕರೆದರು. ಆತನನ್ನು ನಂಬಿಯೇ ಮೂರು ನಾಲ್ಕು ತಲೆಮಾರು ಬಾಳಿದರು.

ಈ ದ್ವೀಪವು ಉದ್ದದಲ್ಲಿ ಸುಮಾರು 33 ಮೈಲಿ, ಅಗಲದಲ್ಲಿ 13 ಮೈಲಿ. ಬ್ರಿಟಿಷ್ ಸಿಂಹಾಸನಕ್ಕೆ ಅಧೀನವಾದರೂ ಟಿನ್ವಾಲ್ಡ್ ಎಂಬ ತನ್ನದೇ ಆದ ಶಾಸನಸಭೆಯುಳ್ಳುದು. 1830ರಲ್ಲಿ ಇಲ್ಲಿ ಉಗಿಹಡಗಿನ ಕಂಪೆನಿಯೊಂದು ಸ್ಥಾಪಿತವಾಯಿತು. ಎದುರುದಡದ ಲ್ಯಾಂಕಷೈರು ಹತ್ತಿಗಿರಣಿಗಳ ನಾಡು. ಅಲ್ಲಿ ಒಂದೊಂದು ಊರೂ ಬೇಸಗೆಯಲ್ಲಿ ಒಂದೊಂದು ವಾರ ತನ್ನ ಗಿರಣಿಗಳನ್ನು ಒಮ್ಮೆಗೇ ನಿಲ್ಲಿಸುತ್ತಿದ್ದಿತು. ಆಗ ಊರಿಗೆ ಊರೇ ಹಡಗನ್ನೇರುತ್ತಿದ್ದಿತು. 1913ರಲ್ಲಿ ಹೀಗೆ ಬಂದವರ ಸಂಖ್ಯೆ ಆರು ಲಕ್ಷವನ್ನು ಮೀರಿತು. ದ್ವೀಪವಾಸಿಗಳಾದರೋ ಸುಮಾರು 52,000 ಮಂದಿ. ರಾಜಧಾನಿಯಾದ ಡಗ್ಲಸ್ಸಿನಲ್ಲಿ ಕಡಲಿನ ಬಾಗಿಗೆ ತಕ್ಕಂತೆ ಬಾಗಿದ ಎರಡು ಮೈಲಿಯ ಬೀದಿಯುದ್ದಕ್ಕೂ ಉಪ್ಪರಿಗೆಯ ಮನೆಗಳು ಒಂದಕ್ಕೊಂದು ಹೆಗಲು ಕೊಟ್ಟು ನಿಂತವು. 1876ರಿಂದ ಆ ಬೀದಿಯಲ್ಲಿ ಕುದುರೆ ಎಳೆಯುವ ಟ್ರಾಮುಗಾಡಿಯು ಓಡತೊಡಗಿತು.

ಈ ಮನೆಗಳಿಗೆ ಬೋರ್ಡಿಂಗ್ ಮನೆಗಳೆಂದು ಹೆಸರು. ಹೋಟೆಲೆಂಬ ದೊಡ್ಡ ಹೆಸರು ಕೆಲವಕ್ಕೆ ಮಾತ್ರ ಇದ್ದಿತು. ಮನೆಯನ್ನು ನಡೆಯಿಸುವವಳು ಸಾಮಾನ್ಯವಾಗಿ ಹೆಂಗಸು. ಬೇಸಗೆಯು ಬಂತೆಂದರೆ ಅವಳೂ ಅವಳ ಮಕ್ಕಳೂ ತಮ್ಮ ಮಲಗುವ ಕೋಣೆಗಳನ್ನು ಬಿಟ್ಟು ನೆಲಮಾಳಿಗೆಗೋ ಅಟ್ಟಕ್ಕೋ ಸೇರುವರು; ಮನೆಯೊಡತಿಯೇ ತನ್ನ ಮನೆಯಲ್ಲಿ ಅತಿಥಿಯಾಗುವಳು. ನಸುಕಿನಲ್ಲೆದ್ದು ಒಲೆ ಹೊತ್ತಿಸಿ, ಕೋಣೆಕೋಣೆಗೂ ಹೂಜಿಯಲ್ಲಿ ಮುಖ ತೊಳೆಯುವ ನೀರನ್ನು ಹೊತ್ತು, ಜಾಗಟೆ ಬಾರಿಸಿ ಬಂದವರನ್ನು ಊಟಕ್ಕೆ ಕರೆಯಬೇಕು. ಒಂದು ಊರಿನವರು ಹೋದ ದಿನವೇ ಇನ್ನೊಂದು ಊರಿನವರು ಬರುವರು. ಅಷ್ಟರೊಳಗೆ ಹಾಸಿಗೆಯ ಬಟ್ಟೆಗಳೆಲ್ಲ ಬದಲಾಗಬೇಕು. ಹತ್ತು ಹನ್ನೆರಡು ವಾರಗಳ ಈ ದುಡಿಮೆಯ ಗಳಿಕೆಯಲ್ಲಿ ಉಳಿದ ನಲವತ್ತು ವಾರಗಳನ್ನು ಕಳೆಯಬೇಕು. ಚಳಿಗಾಲವೆಂದರೆ ಗೋಡೆಗೆ ಬಣ್ಣ ಬಳಿಯುವ, ಹರಿದುದನ್ನು ಹೊಲಿಯುವ, ಕಾಗದಗಳಿಗೆ ಉತ್ತರ ಬರೆಯುವ ಕಾಲ. ಹೋಗುವಾಗಲೇ ಮುಂದಿನ ವರ್ಷಕ್ಕೆ ಅದೇ ಕೋಣೆಯನ್ನು ಗೊತ್ತುಮಾಡಿ ಹೋಗುವವರಿದ್ದರು. ಕೂಸಾಗಿ ಬಂದವನು ತನ್ನ ಕೂಸನ್ನೆತ್ತಿಕೊಂಡು ಅದೇ ಮನೆಗೆ ಬರುವನು. ವ್ಯಾಪಾರವೆಂಬುದು ಇಲ್ಲಿ ಬಳಗದ ಅಂಚನ್ನು ಮುಟ್ಟುತ್ತಿದ್ದಿತು.

ಎರಡನೆಯ ಮಹಾಯುದ್ಧವು ಈ ಮನೆಗಳಿಗೆ ಬೇರೆ ಬಗೆಯ ಅತಿಥಿಗಳನ್ನು ತಂದಿತು. 1940ರ ಮೇ ತಿಂಗಳಿನಿಂದ ಬ್ರಿಟಿಷ್ ಸರಕಾರವು ತನ್ನ ನೆಲದಲ್ಲಿದ್ದ ಜರ್ಮನರನ್ನೂ ಆಸ್ಟ್ರಿಯನರನ್ನೂ ಬಳಿಕ ಇಟಲಿಯವರನ್ನೂ ಹಿಡಿದು ಇಲ್ಲಿಗೆ ಕಳುಹಿಸಿತು. ಹಿಟ್ಲರನಿಗೆ ಅಂಜಿ ಓಡಿಬಂದಿದ್ದ ಯಹೂದ್ಯರೇ ಅವರಲ್ಲಿ ಅನೇಕರು. ರಾಮ್ಸಿ, ಡಗ್ಲಸ್ ಪಟ್ಟಣಗಳಲ್ಲಿ ಸಾಲುಮನೆಗಳ ಸುತ್ತ ಮುಳ್ಳುತಂತಿಯ ಬೇಲಿಯೆದ್ದಿತು. ಪಾತ್ರೆಪಡಗ ಹಾಸಿಗೆಗಳನ್ನು ಅಲ್ಲಿಯೇ ಬಿಟ್ಟು ಮನೆಯವರು ಹೊರಬೀಳಬೇಕಾಯಿತು. ಡಗ್ಲಸ್ಸಿನ ಹಚಿನ್ಸನ್ ಚೌಕದ ಮನೆಗಳಲ್ಲಿ ಚಿತ್ರಕಾರ ಕುರ್ಟ್ ಶ್ವಿಟರ್ಸನೂ ಎಷ್ಟೋ ಮಂದಿ ಪಂಡಿತರೂ ಸೆರೆಯಿದ್ದರು. ದಕ್ಷಿಣದ ಪೋರ್ಟ್ ಎರಿನ್ನಿನಲ್ಲಿ ಹೆಂಗಸರನ್ನು ಇರಿಸಿದಾಗ ಮಾತ್ರ ಮನೆಯೊಡತಿಯರನ್ನು ಕದಲಿಸಲಿಲ್ಲ. ಹಿಂದಿನ ವರ್ಷ ಗಿರಣಿಯ ಹುಡುಗಿಯರಿಗೆ ಬಡಿಸಿದ ಮೇಜಿನಲ್ಲಿಯೇ ಶತ್ರುದೇಶದವಳೆನಿಸಿಕೊಂಡ ಹೆಂಗಸಿಗೆ ಬಡಿಸಬೇಕಾಯಿತು. ತಿಥಿಯಿಲ್ಲದೆ ಬಂದವರು ಇವರು. ಹೋಗುವ ದಿನವನ್ನೂ ಅರಿಯದವರು. ಶಬ್ದಾರ್ಥವನ್ನು ಹಿಡಿದು ನೋಡಿದರೆ ನಿಜವಾದ ಅತಿಥಿಗಳು ಇವರೇ ಆದರೆಂಬುದು ವಿಪರ್ಯಾಸವಲ್ಲವೇ?

1945ರಲ್ಲಿ ಬೇಲಿಯನ್ನು ಕಿತ್ತರು. ಮನೆಗಳಿಗೆ ಹಿಂದಿರುಗಿದವರು ಮತ್ತೆ ತೊಳೆದು ಬಳಿದು ಕದ ತೆರೆದರು. ಸಂಬಳಸಹಿತವಾದ ರಜೆಗೆ ಇಂಗ್ಲೆಂಡಿನಲ್ಲಿ 1938ರಲ್ಲಿಯೇ ಕಾನೂನಾಗಿದ್ದರೂ ಯುದ್ಧದಿಂದ ಅದರ ಸುಖವು ಜನಕ್ಕೆ ದೊರೆತಿರಲಿಲ್ಲ, ಈಗ ದೊರೆಯಿತು. ಪಡಿತರದ ಪುಸ್ತಕವನ್ನು ಕೈಯಲ್ಲಿ ಹಿಡಿದೇ ಅವರು ಬಂದರು. ಸಂಜೆಗೆ ನೃತ್ಯಶಾಲೆ, ಹಗಲಿಗೆ ಮರಳದಂಡೆ, ಬಿಟ್ಟುಬಂದ ನೆರೆಯವರಿಗೆ ಹೊಗೆಯಿಕ್ಕಿದ ಹೆರಿಂಗ್ ಮೀನಿನ ಒಂದು ಅಂಚೆಕಟ್ಟು: ಇಷ್ಟೇ ಅವರ ಭೋಗ. ವರ್ಷದಲ್ಲಿ ಐವತ್ತೊಂದು ವಾರ ಯಂತ್ರದ ಸದ್ದಿನಲ್ಲಿ ಬಾಳುವವರಿಗೆ ಅದು ಅಲ್ಪವಾಗಿರಲಿಲ್ಲ.

ಈ ಸಮೃದ್ಧಿಯು ಬಹುಕಾಲ ನಿಲ್ಲಲಿಲ್ಲ. ಗಿರಣಿಗಳು ಮುಚ್ಚಿದವು, ಅವುಗಳೊಡನೆ ಗಿರಣಿಯೂರುಗಳ ವಾರವೂ ಹೋಯಿತು. ವಿಮಾನವು ಅಗ್ಗವಾಗಿ ಸ್ಪೆಯ್ನಿನ ಬಿಸಿಲು ಕೈಗೆಟುಕಿತು. ಮಳೆಯ ದ್ವೀಪದಲ್ಲಿ ಬಿಸಿಲನ್ನು ನಿರ್ಮಿಸಹೊರಟ ಡಗ್ಲಸ್ಸಿನವರು 1971ರಲ್ಲಿ ಸಮರ್‌ಲ್ಯಾಂಡ್ ಎಂಬ ವಿಲಾಸಭವನವನ್ನು ತೆರೆದರು. ಬೆಳಕು ಹಾಯುವ ಪ್ಲಾಸ್ಟಿಕ್ಕಿನ ಹಾಳೆಗಳಿಂದ ಅದರ ಗೋಡೆ ಮಾಡುಗಳ ದೊಡ್ಡ ಭಾಗವನ್ನು ಮುಚ್ಚಿದ್ದರು. 1973ರ ಆಗಸ್ಟ್ 2ರ ಸಂಜೆ ಹುಡುಗರು ಹೊರಗೆ ಸೇದುತ್ತಿದ್ದ ಸಿಗರೇಟಿನ ಕಿಡಿಯಂಥ ಅಲ್ಪಕಾರಣದಿಂದ ಬೆಂಕಿ ಹತ್ತಿತು. ಹೊರಬೀಳುವ ಬಾಗಿಲುಗಳಲ್ಲಿ ಕೆಲವಕ್ಕೆ ಬೀಗವಿದ್ದಿತು. 50 ಜನ ಸತ್ತರು. ಅತಿಥಿಯನ್ನು ಒಲಿಸಿಕೊಳ್ಳುವುದರಲ್ಲಿ ತೋರಿದ ಉತ್ಸಾಹವು ಅವನನ್ನು ಕಾಪಾಡುವುದರಲ್ಲಿ ಇಲ್ಲದೆ ಹೋಯಿತು.

ದ್ವೀಪವು ಬಡವಾಗಲಿಲ್ಲ. 1961ರಲ್ಲಿ ಸಿರಿವಂತರ ಮೇಲಿನ ಹೆಚ್ಚುವರಿ ತೆರಿಗೆಯನ್ನು ತೆಗೆದುಹಾಕಿದ ಬಳಿಕ ಹಣವು ಹೊರಗಿನಿಂದ ಹರಿಯತೊಡಗಿತು, ಬ್ಯಾಂಕುಗಳು ಬಂದವು. ಹಡಗುಕಟ್ಟೆಯ ಬಳಿಯಿದ್ದ ವಿಲಿಯರ್ಸ್ ಹೋಟೆಲನ್ನು ಕೆಡವಿ ಕಚೇರಿಗಳನ್ನು ಕಟ್ಟಿದರು. ಬೋರ್ಡಿಂಗ್ ಮನೆಗಳಲ್ಲಿ ಎಷ್ಟೋ ಇಂದು ಒಕ್ಕಲಿನ ಬಿಡಾರಗಳಾಗಿವೆ. 1961ರಲ್ಲಿ ಸುಮಾರು 48,000ವಿದ್ದ ಜನಸಂಖ್ಯೆ 2021ರಲ್ಲಿ 84,000ವನ್ನು ಮುಟ್ಟಿತು. 2022ರಲ್ಲಿ ಡಗ್ಲಸ್ಸಿಗೆ ನಗರವೆಂಬ ಪದವಿಯೂ ದೊರೆಯಿತು. ತಾಯಿಯು ನಸುಕಿನಲ್ಲಿ ನೀರು ಹೊತ್ತುದನ್ನು ಕಂಡ ಮಗಳು ಕಚೇರಿಯ ಕುರ್ಚಿಯನ್ನು ಬಯಸಿದರೆ ಅದನ್ನು ತಪ್ಪೆನ್ನಲು ಯಾರಿಗೆ ಅಧಿಕಾರವಿದೆ?

ಆದರೂ ಹಣ ಬರುವುದಕ್ಕೂ ಮನುಷ್ಯನು ಬರುವುದಕ್ಕೂ ಭೇದವುಂಟು. ಹಣಕ್ಕೆ ಹಾಸಿಗೆ ಹಾಸಬೇಕಾಗಿಲ್ಲ. ಅದರ ಕೂಸಿನ ಹೆಸರನ್ನು ನೆನಪಿಡಬೇಕಾಗಿಲ್ಲ. ಕೂಲಿಗಾಗಿ ಮಾಡಿದ ಸತ್ಕಾರವು ಸತ್ಕಾರವಲ್ಲವೆಂದು ಶಾಸ್ತ್ರಜ್ಞರು ಹೇಳಬಹುದು. ಮುಂದಿನ ಬೇಸಗೆಗೆ ಇಂಥವರು ಬರುತ್ತಾರೆಂದು ಚಳಿಗಾಲವೆಲ್ಲ ಒಂದು ಕೋಣೆಯನ್ನು ಕಾದಿರಿಸಿದವಳ ಲೆಕ್ಕದ ಪುಸ್ತಕದಲ್ಲಿ ಮಾತ್ರ ಹಣದೊಡನೆ ಇನ್ನೊಂದು ಕಲಮು ಇದ್ದಿತು. ಕಟ್ಟಡವನ್ನು ಮತ್ತೆ ಕಟ್ಟಬಹುದು. ಆ ಕಾಯುವಿಕೆಯನ್ನು ಮತ್ತೆ ಕಟ್ಟುವ ಶಿಲ್ಪಿ ಇಲ್ಲ.