ಕ್ಲಚ್ಚನ್ನು ಬದಲಿಸುವ ಹೊತ್ತು

ಡೊಂಬಿವಲಿಯಲ್ಲಿ ನೆಲೆಸಿದ ನಮ್ಮಂಥ ಕನ್ನಡಿಗರ ಮನೆಗಳಲ್ಲಿ ಕಾರು ನಿತ್ಯದ ವಾಹನವಲ್ಲ. ಕಚೇರಿಗೆ ಲೋಕಲ್ ರೈಲೇ ಗತಿ. ಕಲ್ಯಾಣದ ನಂಟರ ಮನೆಗೆ, ಥಾಣೆಯ ಆಸ್ಪತ್ರೆಗೆ, ನವಿ ಮುಂಬಯಿಯ ಮದುವೆಗೆ, ವರ್ಷಕ್ಕೊಮ್ಮೆ ಕುಮಟೆಯ ಮನೆಗೆ: ಇಷ್ಟೇ ಅದರ ಸಂಚಾರ. ಹಾಗಾಗಿ 8 ವರ್ಷಗಳಲ್ಲಿ ನಮ್ಮ ಕಾರು ಓಡಿದ್ದು 52,000 ಕಿಲೋಮೀಟರು ಮಾತ್ರ. ಆದರೂ ಕಳೆದ ಬೇಸಗೆಯಲ್ಲಿ, ಊರಿನ ಪ್ರಯಾಣಕ್ಕೆ ಮೂರು ವಾರವಿರುವಾಗ, ಅದರ ಕ್ಲಚ್ಚನ್ನು ಬದಲಿಸಬೇಕೇ ಎಂಬ ಪ್ರಶ್ನೆ ನಮ್ಮೆದುರು ನಿಂತಿತು.

ಕ್ಲಚ್ಚಿನ ಆಯುಷ್ಯವನ್ನು ಕಿಲೋಮೀಟರಿನಿಂದ ಅಳೆಯುವುದು ವಾಡಿಕೆ. ಆ ಅಳತೆ ನಮ್ಮ ರಸ್ತೆಗಳಿಗೆ ಹೊಂದುವುದಿಲ್ಲ. ಎಂಜಿನ್ನಿನೊಡನೆ ತಿರುಗುವ ಫ್ಲೈವೀಲಿಗೆ ಕ್ಲಚ್ ಪ್ಲೇಟು ಪೂರ್ತಿ ಅಂಟಿಕೊಂಡಾಗ ಸವೆತವಿಲ್ಲ. ಅಂಟಿಯೂ ಅಂಟದಂತೆ ಜಾರುವಾಗ, ಅಂದರೆ ಹಾಫ್ ಕ್ಲಚ್ಚಿನಲ್ಲಿ, ಅದು ಉಜ್ಜಿ ಬಿಸಿಯಾಗಿ ಸವೆಯುತ್ತದೆ. ನವಿ ಮುಂಬಯಿಯ ಪಾಮ್ ಬೀಚ್ ರಸ್ತೆಯಲ್ಲಿ ನಿರಾಳವಾಗಿ ಸಾಗುವ ಕಾರಿಗೂ, ಕಲ್ಯಾಣ–ಶಿಳ್ ರಸ್ತೆಯಲ್ಲಿ ಕಾಟಯಿ ನಾಕಾ ದಾಟಲು ತೆವಳುವ ಕಾರಿಗೂ ಮೀಟರು ತೋರಿಸುವ ಅಂಕಿ ಒಂದೇ ಇರಬಹುದು. ಕ್ಲಚ್ಚಿನ ವಯಸ್ಸು ಒಂದೇ ಅಲ್ಲ. ಘೋಡ್‌ಬಂದರ್ ರಸ್ತೆಯ ಗಾಯಮುಖದ ಏರಿನಲ್ಲಿ ಲಾರಿಯ ಹಿಂದೆ ಅರ್ಧ ತಾಸು ಕಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನಮಗೆ ಸೂಚನೆ ದೊರೆತದ್ದು ಮುಂಬ್ರಾ ಬೈಪಾಸಿನ ಏರಿನಲ್ಲಿ. ನಾಲ್ಕನೆಯ ಗೇರಿನಲ್ಲಿ ಎಕ್ಸಲರೇಟರ್ ಒತ್ತಿದರೆ ಎಂಜಿನ್ನಿನ ಸದ್ದು ಏರಿತು, ವೇಗ ಏರಲಿಲ್ಲ. ಪೆಡಲನ್ನು ಬಹುಪಾಲು ಬಿಟ್ಟ ಮೇಲಷ್ಟೇ ಕಾರು ಕದಲುತ್ತಿತ್ತು. ಮರುದಿನ ಸಮತಟ್ಟಾದ ಬಯಲಿನಲ್ಲಿ ಹ್ಯಾಂಡ್‌ಬ್ರೇಕ್ ಬಿಗಿದು, ಮೂರನೆಯ ಗೇರಿಗೆ ಹಾಕಿ, ಕ್ಲಚ್ಚನ್ನು ಮೆಲ್ಲಗೆ ಬಿಟ್ಟು ನೋಡಿದೆವು. ಸುಸ್ಥಿತಿಯಲ್ಲಿದ್ದರೆ ಎಂಜಿನ್ನು ತಕ್ಷಣ ನಿಲ್ಲಬೇಕು. ನಮ್ಮದು ಕೆಲವು ಕ್ಷಣ ಗುರುಗುಟ್ಟಿ ಅನಂತರ ನಿಂತಿತು. ಈ ಪರೀಕ್ಷೆಯನ್ನು ಪದೇ ಪದೇ ಮಾಡಬಾರದು. ಪರೀಕ್ಷೆಯೇ ಸವೆತಕ್ಕೆ ಕಾರಣವಾಗುತ್ತದೆ. ಹಾಗೆಂದು ಎಲ್ಲ ತೊಂದರೆಗೂ ಪ್ಲೇಟೇ ಕಾರಣವಲ್ಲ. ಗೇರು ಬೀಳಲು ಒದ್ದಾಡಿದರೆ ಕೇಬಲ್ಲೋ ಕ್ಲಚ್ಚಿನ ಆಯಿಲೋ ಕಾರಣವಿರಬಹುದು. ಪೆಡಲ್ ಒತ್ತಿದಾಗ ಮಾತ್ರ ಕಿರುಗುಟ್ಟಿದರೆ ಬೇರಿಂಗನ್ನು ಸಂಶಯಿಸಬೇಕು. ನಮ್ಮ ಮೆಕ್ಯಾನಿಕ್ ಮೊದಲು ಕೇಬಲನ್ನೇ ಸರಿಪಡಿಸಿ ನೋಡಿದರು. ಜಾರುವಿಕೆ ಹೋಗಲಿಲ್ಲ.

‘ಅಜೂನ್ ಚಾಲೇಲ್’ ಎಂದರು ಅವರು, ಇನ್ನೂ ಸ್ವಲ್ಪ ದಿನ ನಡೆಯುತ್ತದೆ ಎಂದು. ಅದು ಸುಳ್ಳಲ್ಲ, ಡೊಂಬಿವಲಿಯಿಂದ ಕಲ್ಯಾಣಕ್ಕೆ ನಡೆಯುತ್ತಿತ್ತು. ಆದರೆ ನಮ್ಮೆದುರಿಗಿದ್ದದ್ದು ಹೋಗುವಾಗ ಬೋರ್ ಘಾಟಿ, ಖಂಬಾಟ್ಕಿ ಘಾಟಿ. ಮರಳುವಾಗ ಅಂಕೋಲೆ ದಾಟಿದ ಮೇಲೆ ಅರಬೈಲು ಘಾಟಿ. ಹಿಂದಿನ ಆಸನದಲ್ಲಿ ಎಂಬತ್ತರ ಹೊಸ್ತಿಲಲ್ಲಿರುವ ಅಪ್ಪಯ್ಯ. ಘಾಟಿಯ ತಿರುವಿನಲ್ಲಿ ಎಳೆಯುವ ಶಕ್ತಿ ಕಳೆದುಕೊಂಡ ಕಾರು, ಅದರ ಹಿಂದೆ ಸಾಲುಗಟ್ಟಿದ ಲಾರಿಗಳು: ಆ ಚಿತ್ರದ ಮುಂದೆ ಕೆಲವು ತಿಂಗಳು ಉಳಿಸಬಹುದಾದ ಹಣ ಚಿಕ್ಕದೆನಿಸಿತು.

ಬದಲಿಸುವುದಾದರೆ ಮೇಲ್ದರ್ಜೆಯದನ್ನೇ ಹಾಕಿಸೋಣವೆಂಬ ಸಲಹೆಯೂ ಬಂತು. ಹೆಚ್ಚು ಬಿಗಿಯಾದ ಪ್ರೆಷರ್ ಪ್ಲೇಟು ಹೆಚ್ಚು ಬಲವನ್ನು ತಡೆಯುತ್ತದೆ. ಆದರೆ ಪೆಡಲೂ ಗಡುಸಾಗುತ್ತದೆ. ಕಾರನ್ನು ಹೆಚ್ಚು ಓಡಿಸುವವರು ಅತ್ತಿಗೆ. ಶಿಳ್‌ಫಾಟಾದ ದಟ್ಟಣೆಯಲ್ಲಿ ನೋಯುವುದು ಅವರ ಮೊಣಕಾಲು. ಕಾರನ್ನೇ ಮಾರಿ ಎಎಂಟಿ ಕೊಳ್ಳುವ ಮಾತೂ ಆಯಿತು. 2014ರಲ್ಲಿ ಮಾರುತಿ ಸೆಲೆರಿಯೊ ಆ ಸೌಕರ್ಯವನ್ನು ಮಧ್ಯಮವರ್ಗದ ಕೈಗೆಟುಕಿಸಿತು, ನಿಜ. ಆದರೆ ಅದರಲ್ಲಿ ಇಲ್ಲವಾದದ್ದು ಪೆಡಲು ಮಾತ್ರ. ಒಳಗೆ ಅದೇ ಬಗೆಯ ಕ್ಲಚ್ ಪ್ಲೇಟಿದೆ, ಏರಿನಲ್ಲಿ ತೆವಳಿಸಿದರೆ ಅದೂ ಸವೆಯುತ್ತದೆ. ಕೊನೆಗೆ ಕಾರಿನ ಮೂಲ ಅಳತೆಯ ಸೆಟ್ಟನ್ನೇ ಆರಿಸಿದೆವು.

ಸೆಟ್ಟೆಂದರೆ ಪ್ಲೇಟು, ಪ್ರೆಷರ್ ಪ್ಲೇಟು, ರಿಲೀಸ್ ಬೇರಿಂಗು ಮೂರೂ. ಗೇರ್‌ಬಾಕ್ಸ್ ಇಳಿಸುವ ಮಜೂರಿಯೇ ದೊಡ್ಡದು. ಬೇರಿಂಗಿನ ಹಣ ಉಳಿಸಿ, ಆರು ತಿಂಗಳಿಗೆ ಅದೇ ಮಜೂರಿಯನ್ನು ಮತ್ತೊಮ್ಮೆ ತೆರುವುದು ಲಾಭವಲ್ಲ. ಬಿಚ್ಚಿದಾಗ ಫ್ಲೈವೀಲಿನ ಮೇಲೆ ಶಾಖದ ಬಿರುಕುಗಳಿವೆಯೇ, ಕ್ರ್ಯಾಂಕಿನ ಸೀಲಿನಿಂದ ಆಯಿಲ್ ಒಸರುತ್ತಿದೆಯೇ ಎಂದು ಕಣ್ಣಾರೆ ನೋಡಿದೆವು. ಆಯಿಲ್ ತಗುಲಿದರೆ ಹೊಸ ಪ್ಲೇಟೂ ಜಾರುತ್ತದೆ. ಹೊರಬಂದ ಹಳೆಯ ಪ್ಲೇಟಿನಲ್ಲಿ ಲೈನಿಂಗು ರಿವೆಟ್ಟಿನ ತಲೆಯ ಮಟ್ಟಕ್ಕೆ ಇಳಿದಿತ್ತು. ಅದನ್ನು ಕಂಡ ಮೆಕ್ಯಾನಿಕ್ ತಮ್ಮ ‘ಚಾಲೇಲ್’ ಅನ್ನು ಮತ್ತೆ ಉಚ್ಚರಿಸಲಿಲ್ಲ.

ಈಗ ಮನೆಯಲ್ಲಿ ಕೆಲವು ನಿಯಮಗಳಿವೆ. ನಿಂತ ಕಡೆ ನ್ಯೂಟ್ರಲ್, ಏರಿನಲ್ಲಿ ಹ್ಯಾಂಡ್‌ಬ್ರೇಕ್, ಪೆಡಲಿನ ಮೇಲೆ ಪಾದವನ್ನು ವಿಶ್ರಮಿಸಲು ಬಿಡಬಾರದು, ಮುಂದಿನ ವಾಹನ ಒಂದಡಿ ಸರಿದರೆ ನಾವೂ ಒಂದಡಿ ಸರಿಯಬೇಕಿಲ್ಲ. ಇಷ್ಟೆಲ್ಲ ಪಾಲಿಸಿದರೂ ಕ್ಲಚ್ಚು ಸವೆಯುವುದೇ. ಸವೆಯುವುದೇ ಅದರ ಕೆಲಸ. ಅದನ್ನು ಬದಲಿಸುವ ದಿನ ಯಾವುದೆಂಬುದನ್ನು, ಮನೆಯ ಹತ್ತಿರ ಗ್ಯಾರೇಜು ತೆರೆದಿರುವಾಗ, ನಾವೇ ಆರಿಸಬೇಕು. ಘಾಟಿಗೆ ಆ ಆಯ್ಕೆಯನ್ನು ಬಿಡುವುದು ಬೆಂಕಿ ಬಿದ್ದಾಗ ಬಾವಿ ತೋಡಿದಂತೆ.